ಎರಡು ಕೊಡ ನೀರಿನ ಕಥಿ

ಈಗಿನ ಮಕ್ಕಳಿಗೆ ಮಾಯಾಮಂತ್ರದ ಕಥಿ ಅಂದರ ಜೀವ. ನಮ್ಮ ವಾಚನಾಲಯದಾಗ ಎಂಟನೇ, ಒಂಬತ್ತನೇ ಇಯತ್ತೆಯ ಹುಡುಗರು, ಹುಡುಗಿಯರು ಹ್ಯಾರಿ ಪಾಟರನ ಪುಸ್ತಕವನ್ನು ಮರಾಠಿಯೊಳಗ ಓದತಾರ. ಒಬ್ಬರು ಒಯ್ದರ ಇನ್ನೊಬ್ಬರು ದಾರಿ ಕಾಯತಾರ. ಕನ್ನಡದಾಗ ಇಂಥವು ಇಲ್ಲೇನ್ರಿ ಅಂತ ಮಾಸ್ತರರನ್ನು ಕೇಳತಾರ. ಮಾಸ್ತರರು ನನ್ನ ಕಡೆ ಕೈ ಮಾಡತಾರ. ಹಾಡಿಕಿ ಮಾಡುವವನ ಹತ್ತಿರ ಕಥಿಗೇನು ಬರ ಅಂತ ಅವರ ಲೆಕ್ಕ.

ಕಥಿಗೆ ಬರ ಇಲ್ಲ, ಖರೆ. ಆದರ ಹಳೇ ಕಥಿಯನ್ನು ಈಗಿನವರು ತಿರುಗಿ ಹೇಳುವಾಗ ಏನು ಉಳಿಸತಾರ, ಏನು ಬಿಡತಾರ ಎಂಬುದನ್ನೂ ನೋಡಬೇಕಾಗತದ. ಅದಕ್ಕ ಒಂದೇ ಒಂದು ಕಥಿ ಹಿಡಕೊಂಡು, ಅದನ್ನು ಮೂವರು ಮೂರು ರೀತಿ ಹೇಳಿದ್ದನ್ನು ಇಲ್ಲಿ ತೂಗಿ ನೋಡಿದ್ದೇನೆ. ಹೂವಿನ ಗಿಡ ಆಗುವ ಹುಡುಗಿಯ ಕಥಿ ಅದು.

ನನ್ನ ತಕ್ಕಡಿ ಹಾಡಿಕಿಯವರದು. ಡೊಳ್ಳಿನ ಹಾಡಿನಾಗ ಮೇಳದಿಂದ ಮೇಳಕ್ಕ ನುಡಿ ಬದಲಾಗತದ, ಧಾಟಿ ಬದಲಾಗತದ, ಎದುರಿನವರ ಸವಾಲಿಗೆ ಜವಾಬು ಕೊಡಲಿಕ್ಕೆ ನಡುವ ಹೊಸ ಮಾತು ಸೇರತದ. ಅದಕ್ಕ ಯಾರೂ ತಪ್ಪು ಅನ್ನೂದಿಲ್ಲ. ಆದರ ಕಥಿ ಯಾವ ಮಾತಿನ ಮ್ಯಾಲ ನಿಂತದೋ ಆ ಮಾತು ಜಾರಿದರ, ಮುಂದ ಕುಂತ ಹಿರಿಯರು ಅಲ್ಲೇ ಡೊಳ್ಳು ನಿಲ್ಲಸತಾರ. ಈ ಕಥಿಗೂ ಅಂಥಾದೊಂದು ಮಾತು ಅದ. ಅದನ್ನು ಹೇಳಬೇಕಂದರ ಮೊದಲ ಕಥಿ ಹೇಳಬೇಕು.

ಒಂದೂರಾಗ ಒಬ್ಬಾಕಿ ಬಡ ಮುದುಕಿ, ಆಕಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿ ನಾಲಿ ಮಾಡಿ ಅವರನ್ನು ಸಾಕಿದಳು. ಮಕ್ಕಳು ದೊಡ್ಡವರಾದ ಮ್ಯಾಲ ಸಣ್ಣಾಕಿಗೆ ತಾಯಿಯ ದಣಿವು ನೋಡಲಿಕ್ಕೆ ಆಗಲಿಲ್ಲ. ನಾನು ಹೂವಿನ ಗಿಡ ಆಗತೀನಿ, ನೀನು ಹೂ ಮಾರು ಅಂತ ಅಕ್ಕಗ ಹೇಳಿದಳು. ಅದಕ್ಕ ಎರಡು ಕೊಡ ನೀರು ಬೇಕು. ಒಂದು ಕೊಡ ಮೈಮ್ಯಾಲ ಸುರುವಿದರ ಹುಡುಗಿ ಗಿಡ ಆಗತಾಳ. ಹೂ ಎಷ್ಟು ಬೇಕಾದರೂ ಹರಕೊಳ್ಳಬಹುದು, ಆದರ ಎಲಿ ಹರಿಯಬಾರದು, ಚಿಗುರು ಮುರಿಯಬಾರದು. ಎರಡನೇ ಕೊಡ ಸುರುವಿದರ ತಿರುಗಿ ಹುಡುಗಿ ಆಗತಾಳ. ಅಕ್ಕ ಹಂಗೇ ಮಾಡಿದಳು. ಹೂವು ಅರಮನಿಗೆ ಹೋತು, ರೊಕ್ಕ ಬಂತು.

ಈ ಹೂ ಎಲ್ಲಿಯವು ಅಂತ ರಾಜನ ಮಗ ಹಿಂದ ಬಿದ್ದ. ಮುದುಕಿ ಮನಿ ಹತ್ತಿರದ ಮರದಾಗ ಅಡಗಿ ಕುಂತು ಎಲ್ಲಾ ನೋಡಿದ. ಲಗ್ನ ಆಡಿದರು. ಲಗ್ನ ಆದ ಮ್ಯಾಲ ಆಂವ ಹೆಂಡತಿ ಜೋಡಿ ಮಾತೇ ಆಡಲಿಲ್ಲ. ಬಾಯಿ ಬಿಟ್ಟಾಗ ಕೇಳಿದ್ದು ಒಂದೇ, ನೀ ಗಿಡ ಆಗು ಅಂತ. ದಿನಾ ರಾತ್ರಿ ಹೂವಿನ ಹಾಸಿಗಿ. ಬಾಡಿದ ಹೂ ರಾಶಿ ಬಿದ್ದದ್ದು ಕಂಡು ಅವನ ತಂಗಿಗೆ ಗುಟ್ಟು ಹತ್ತಿತು. ಒಂದು ದಿನ ಆಕಿ ಗೆಳತಿಯರನ್ನು ಕಟ್ಟಿಕೊಂಡು ಅತ್ತಿಗೆಯನ್ನು ಸುರಹೊನ್ನೆ ತೋಟಕ್ಕ ಕರಕೊಂಡು ಹೋದಳು. ಗಿಡ ಆಗು ಅಂತ ಕಾಡಿದರು. ನೀರು ಹೆಂಗರ ಸುರುವಿದರು, ಟೊಂಗಿ ಎಳದರು, ಚಿಗುರು ಮುರದರು, ಕಡೀಕ ಅರ್ಧಮರ್ಧ ನೀರು ಚೆಲ್ಲಿ ಓಡಿ ಹೋದರು. ಹುಡುಗಿ ಪೂರಾ ಹುಡುಗಿಯೂ ಆಗಲಿಲ್ಲ, ಗಿಡವಾಗಿಯೂ ಉಳಿಯಲಿಲ್ಲ. ಕೈ ಇಲ್ಲ, ಕಾಲಿಲ್ಲ, ಬರೀ ಒಂದು ಮೊಂಡ. ತೆವಳಿಕೋತ ಗಟಾರಕ್ಕ ಬಿದ್ದಳು.

ಹತ್ತಿ ಗಾಡಿ ಹೊಡಕೊಂಡು ಹೊಂಟವನೊಬ್ಬ ನರಳುವ ದನಿ ಕೇಳಿ ಇಳದ. ತಲಿಗೆ ಸುತ್ತಿದ ಅರಿವಿ ಬಿಚ್ಚಿ ಹೊದಿಸಿ, ಗಾಡಿಯಾಗ ಹಾಕ್ಕೊಂಡು ಇನ್ನೊಂದು ಊರಿನ ಪಾಳು ಮಂಟಪದಾಗ ಇಳಿಸಿದ. ಆ ಊರ ರಾಣಿ ಈ ರಾಜಕುಮಾರನ ಅಕ್ಕ. ಆಕಿ ಈ ಮೊಂಡವನ್ನು ಅರಮನಿಯಾಗ ಇಟಗೊಂಡಳು. ಇತ್ತ ರಾಜಕುಮಾರ ಹೆಂಡತಿ ಕಾಣದೆ ಭಿಕ್ಷುಕನಂಗ ತಿರುಗಿ ತಿರುಗಿ ಅದೇ ಊರಿಗೆ ಬಂದ. ಅಲ್ಲಿ ಗಂಡ-ಹೆಂಡರ ಗುರುತು ಹತ್ತಿತು. ಆಕಿ ಮತ್ತ ಎರಡು ಕೊಡ ನೀರಿನ ಮಾತು ಹೇಳಿದಳು. ಆಂವ ಒಂದು ಕೊಡ ಸುರುವಿದ, ಮುರದ ಟೊಂಗಿ ಒಂದೊಂದೇ ಜೋಡಿಸಿ ಕಟ್ಟಿದ, ಎಲಿ ನೆಟ್ಟಗ ಮಾಡಿದ, ಎರಡನೇ ಕೊಡ ಸುರುವಿದ. ಆಕಿ ಪೂರಾ ಹೆಣ್ಣಾಗಿ ಎದ್ದಳು. ಊರಿಗೆ ಮರಳಿದ ಮ್ಯಾಲ ರಾಜ ಒಂದು ತೆಗ್ಗು ತೋಡಿಸಿ, ಕುದಿಯುವ ಸುಣ್ಣ ತುಂಬಿಸಿ, ತನ್ನ ಸಣ್ಣ ಮಗಳನ್ನು ಅದರಾಗ ಒಗಸಿದ.

ಈ ಪಾಠ ಎ. ಕೆ. ರಾಮಾನುಜನ್ ಬರಕೊಂಡದ್ದು. ಅವರು ಮೈಸೂರಿನವರು, 1929ರಾಗ ಹುಟ್ಟಿದವರು, ಅಮೇರಿಕಾದ ಶಿಕಾಗೋದಾಗ ಕಲಿಸಿದವರು. ಕನ್ನಡ ನಾಡಿನ ಹೆಣ್ಣುಮಕ್ಕಳ ಬಾಯಿಂದ ಕಥಿ ಕೇಳಿ ವರ್ಷಾನುಗಟ್ಟಲೆ ಕೂಡಿಸಿದರು. 1993ರಾಗ ತೀರಿಕೊಂಡರು. ಅವರು ಇಂಗ್ಲಿಷಿಗೆ ತಂದ ಕನ್ನಡ ಕಥಿಗಳ ದೊಡ್ಡ ಪುಸ್ತಕ 1997ರಾಗ ಬಂತು. ಅದಕ್ಕ ಇಟ್ಟ ಹೆಸರೇ ಈ ಹೂವಿನ ಗಿಡದ್ದು. ಮಾಸ್ತರರು ಅದನ್ನು ಸಾಲುಸಾಲು ಕನ್ನಡ ಮಾಡಿ ಹೇಳಿದರು, ನಾನು ಮೂರು ಸಲ ಹೇಳಿಸಿ ಕೇಳಿದೆ.

ಈಗ ಕಥಿ ಯಾವ ಮಾತಿನ ಮ್ಯಾಲ ನಿಂತದ ಎಂಬುದಕ್ಕ ಬರತೀನಿ. ಹ್ಯಾರಿ ಪಾಟರನ ಕಥಿಯಾಗ ಹುಡುಗನಿಗೆ ಮಂತ್ರಶಕ್ತಿ ಹುಟ್ಟಿನಿಂದ ಬಂದದ. ಶಾಲೆಗೆ ಹೋಗಿ ಅದನ್ನು ಕಲಿತು ಬಲ ಮಾಡಿಕೊಳ್ಳತಾನ. ಕೋಲು ಕೈಯಾಗ ಇದ್ದರ ತನ್ನ ಕೆಲಸ ತಾನೇ ಮಾಡತಾನ. ಅದೂ ಛಲೋ ಕಥಿನೇ. ತಾಯಿ ಜೀವ ಕೊಟ್ಟು ಮಗನ್ನ ಉಳಿಸಿದ ಮಾತು ಅದರಾಗ ಅದ, ಅದನ್ನು ಕೇಳಿ ನನಗೂ ಎದಿ ತುಂಬಿತು. ಆದರ ನಮ್ಮ ಹುಡುಗಿಯ ಕೈಯಾಗ ಕೋಲಿಲ್ಲ. ಗಿಡ ಆಗುವ ಶಕ್ತಿ ಆಕಿಯದು, ನೀರು ಸುರುವುವ ಕೈ ಮಂದಿದು. ಗಿಡ ಆದ ಮ್ಯಾಲ ಆಕಿಗೆ ಬಾಯಿಲ್ಲ, ಸಾಕು ಅನ್ನಲಿಕ್ಕೆ ಬರೂದಿಲ್ಲ. ಎರಡನೇ ಕೊಡ ಯಾರೋ ಎತ್ತಿ ಸುರುವಿದರಷ್ಟೇ ಆಕಿ ತಿರುಗಿ ಮನುಷ್ಯಳು. ಅಂದರ ಆಕಿಯ ಜೀವ ಇನ್ನೊಬ್ಬರ ಕಾಳಜಿಯ ಮ್ಯಾಲ ನಿಂತದ.

ಕೊಡ ಹಿಡಿದವರು ಯಾರ‍್ಯಾರು ನೋಡ್ರಿ. ಮೊದಲು ಅಕ್ಕ. ಆಕಿ ಕೈಯಾಗ ಒಂದು ಎಲಿ ಸೈತ ಮುರಿಯಲಿಲ್ಲ. ಆಮ್ಯಾಲ, ಅರಮನಿಯಿಂದ ಕರೆ ಬಂದದ್ದಕ್ಕ ಗಾಬರಿಯಾಗಿ ಮಕ್ಕಳನ್ನು ಹೊಡದ ತಾಯಿಗೆ ನಂಬಿಕಿ ಬರಲಿ ಅಂತ ಆಕಿಯ ಮುಂದ ಗಿಡ ಆಗತಾಳ. ಮೂರನೇದಕ್ಕ ಗಂಡ. ನಾಲ್ಕನೇದಕ್ಕ ನಾದಿನಿ. ಐದನೇದಕ್ಕ ಮತ್ತ ಅದೇ ಗಂಡ, ಈ ಸಲ ಹೂವಿಗಲ್ಲ, ಹೆಂಡತಿಗಾಗಿ. ಮೊದಲನೇ ಸಲ ಆಕಿ ತಾನಾಗಿ ಹೇಳಿ ಗಿಡ ಆದಳು. ಕಡೀ ಸಲವೂ ತಾನಾಗಿ ಹೇಳಿ ಆದಳು. ನಡುವಿನವೆಲ್ಲಾ ಮಂದಿ ಮಾಡಿಸಿದ್ದು. ಕಥಿಯ ಲೆಕ್ಕ ಎಷ್ಟು ಚೊಕ್ಕ ಅದ ನೋಡ್ರಿ.

ದಾಳಿಂಬಿ ಹಾಕಿದ ರೈತರಿಗೆ ಇದನ್ನು ಬಿಡಿಸಿ ಹೇಳುವುದು ಬ್ಯಾಡ. ಬಹಾರ ಹಿಡಿಯುವಾಗ ನಾವೂ ನೀರಿನಿಂದಲೇ ಗಿಡವನ್ನು ಆಡಸತೀವಿ. ಒಂದೆರಡು ತಿಂಗಳು ನೀರು ನಿಲ್ಲಸತೀವಿ, ಎಲಿ ಉದುರತದ. ಆಮ್ಯಾಲ ಗೊಬ್ಬರ ಹಾಕಿ ನೀರು ಬಿಟ್ಟರ ಗಿಡದ ತುಂಬ ಹೂವು. ಆಂಬೆ, ಮೃಗ, ಹಸ್ತ ಅಂತ ವರ್ಷಕ್ಕ ಮೂರು ಬಹಾರದ ಕಾಲ ಅದಾವ. ಆದರ ಬಾಳಿಕಿ ಮಾಡುವ ರೈತ ಒಂದು ಗಿಡದಿಂದ ವರ್ಷಕ್ಕ ಒಂದೇ ಬಹಾರ ಹಿಡಿತಾನ. ರೇಟು ಛಲೋ ಅದ ಅಂತ ಮ್ಯಾಲಿಂದ ಮ್ಯಾಲ ಹಿಡದರ ಗಿಡ ಸೊರಗತದ, ರೋಗ ಬೀಳತದ. ಕಥಿಯ ರಾಜಕುಮಾರ ದಿನಾ ರಾತ್ರಿ ಬಹಾರ ಹಿಡದ. ನಾದಿನಿ ಒಂದೇ ದಿನ ಗಿಡ ಮುರದಳು, ಖರೆ. ಆದರ ಅಂಗಳದಾಗ ಬಾಡಿದ ಹೂವಿನ ರಾಶಿ ಯಾರು ಹಾಕಿದ್ದು? ಗುಟ್ಟು ಬಯಲಾದದ್ದೇ ಆ ರಾಶಿಯಿಂದ. ಈ ಕಥಿ ಹೇಳಿದ ಹೆಣ್ಣುಮಕ್ಕಳು ಗಂಡನನ್ನು ಒಂದು ಮಾತೂ ಬೈಯೂದಿಲ್ಲ. ಬಾಡಿದ ಹೂ ತೋರಿಸಿ ಸುಮ್ಮನಾಗತಾರ. ತಿಳಿಯುವವರಿಗೆ ತಿಳೀತದ.

ಈಗ ಮೂರು ಹೇಳಿಕಿ ನೋಡೂಣು.

ರಾಮಾನುಜನ್ನರ ಪಾಠದಾಗ ಮೊದಲು ಕಣ್ಣಿಗೆ ಬೀಳೂದು, ಹುಡುಗಿಗೆ ಹೆಸರಿಲ್ಲ. ಸಣ್ಣ ಮಗಳು, ಸೊಸಿ, ಅತ್ತಿಗಿ, ಅಷ್ಟೇ. ಮೈ ಮುರಕೊಂಡು ಬಿದ್ದ ಮ್ಯಾಲ ಕಥಿ ಆಕಿಯನ್ನು ಒಂದು ವಸ್ತು ಅನ್ನುವಂಗ ಕರೀತದ. ಓದುವಾಗ ಮಾಸ್ತರರಿಗೆ ಬಾಯಿ ತಡವರಿಸಿತು. ಮನಿಗೆ ಬಂದ ಹೆಣ್ಣು ಸಾಮಾನು ಆಗುವ ತನಕ ಯಾರೂ ಆಕಿಯ ಹೆಸರು ಕೇಳಲಿಲ್ಲ ಎಂಬುದನ್ನು ಕಥಿ ಹೇಳದೇ ಹೇಳತದ. ಬಣ್ಣ ಹಚ್ಚಿಲ್ಲ, ಕಣ್ಣೀರು ಸುರಿಸಿಲ್ಲ, ಉಪದೇಶ ತುರುಕಿಲ್ಲ. ನಮ್ಮ ಮುದುಕಿಯರು ಬೀಸುವಾಗ ಹೇಳಿದಂಗ ಒಂದೇ ಧಾಟಿಯಾಗ ಹೋಗತದ. ಮೂರರಾಗ ನನಗ ಹೆಚ್ಚು ತೂಕ ಬಿದ್ದದ್ದು ಇದು. ಕೊರತಿ ಒಂದು ಅದ. ಇದು ಇಂಗ್ಲಿಷಿನಾಗ ಛಾಪಾಗಿ ಜಗತ್ತು ತಿರುಗಿತು. ಕಥಿ ಕೊಟ್ಟ ತಾಯಂದಿರ ಬಾಯಿಯ ಕನ್ನಡ, ಆ ನಡುನಡುವ ಹೂಂಗುಟ್ಟುವ ಲಯ ಅದರಾಗ ನಮಗ ಸಿಗೂದಿಲ್ಲ. ಅದನ್ನು ತಿರುಗಿ ತುಂಬುವ ಕೆಲಸ ನಮ್ಮದು.

ಎರಡನೇದು ಗಿರೀಶ ಕಾರ್ನಾಡರು 1992ರಾಗ ಮಾಡಿದ 'ಚೆಲುವಿ' ಸಿನಿಮಾ. ಕಾರ್ನಾಡರು ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ಮಾಥೇರಾನದಾಗ. 'ನಾಗಮಂಡಲ' ನಾಟಕದ ಕಥಿಯೂ ಅವರು ರಾಮಾನುಜನ್ನರಿಂದ ಕೇಳಿದ್ದೇ. ಈ ಸಿನಿಮಾ ಹಿಂದಿಯಾಗ ಅದ, ಚೆಲುವಿಯಾಗಿ ಸೋನಾಲಿ ಕುಲಕರ್ಣಿ ಮಾಡ್ಯಾರ. ಇಲ್ಲಿ ಅರಮನಿ ಇಲ್ಲ, ಊರ ಗೌಡನ ಮನಿ. ಇದರಿಂದ ಲಾಭ ಆಗ್ಯದ. ರಾಜ ಅಂದರ ನಮ್ಮ ಮಕ್ಕಳು ಯಾವುದೋ ಕಾಲದ ಮಾತು ಅಂತ ಬಿಟ್ಟುಬಿಡತಾರ. ಗೌಡನ ಮನಿ ಅಂದರ ಕಿಟಕಿಯಿಂದ ಹಣಿಕಿ ನೋಡಿದಂಗ ಆಗತದ. ಮತ್ತ ಕಾರ್ನಾಡರು ಕಥಿಯನ್ನು ಕಾಡಿನ ಕಥಿ ಮಾಡ್ಯಾರ. ಗಿಡ ಆದ ಹೆಣ್ಣಿಗೂ ಕಡಿಯುವ ಕಾಡಿಗೂ ಗಂಟು ಹಾಕ್ಯಾರ. ಕಡೀಕ ಮುರದ ಟೊಂಗಿ ಹುಡುಕಲಿಕ್ಕೆ ಹೋದರ ಕಾಡೇ ಕಡದು ಬಿದ್ದದ. ಯಾವ ಟೊಂಗಿ ಆಕಿದು, ಯಾವುದು ಅಲ್ಲ? ಚೆಲುವಿ ತಿರುಗಿ ಹೆಣ್ಣಾಗೂದಿಲ್ಲ. ಬರಗಾಲ ನೋಡಿದ ನಮ್ಮಂಥವರಿಗೆ ಈ ಮಾತು ಎದಿಗೆ ನಾಟತದ.

ಆದರ ತಕ್ಕಡಿ ಇನ್ನೊಂದು ಕಡೆಯೂ ನೋಡಬೇಕು. ಹೆಣ್ಣು ಅಂದರ ಕಾಡು, ಕಾಡು ಅಂದರ ಹೆಣ್ಣು ಅಂತ ಆದಾಗ ನಡುವಿನ ಹುಡುಗಿ ಸ್ವಲ್ಪ ಮರೆ ಆಗತಾಳ. ಹಳೇ ಕಥಿಯಾಗ ಕಡೀ ಮಾತು ಹುಡುಗಿದು. ಹೆಂಗ ಜೋಡಿಸಬೇಕು, ಹೆಂಗ ನೀರು ಸುರುವಬೇಕು ಅಂತ ಆಕಿ ಹೇಳತಾಳ, ಗಂಡ ಕೇಳತಾನ. ಮೊದಲ ಸಲ ಆಕಿಯ ಮಾತು ಪೂರ್ತಿ ನಡೀತದ. ಮುರದದ್ದು ಕೂಡೂದೇ ಇಲ್ಲ ಅಂದರ ಆ ಮಾತು ನಡೆಯುವುದೂ ಇಲ್ಲ. ದೊಡ್ಡವರಿಗೆ ಆ ಕಡು ಮುಕ್ತಾಯ ಸರಿ. ಹದಿನಾಲ್ಕರ ಹುಡುಗಿಗೆ ನಾನು ಹಳೇದನ್ನೇ ಹೇಳತೀನಿ. ಮುರದದ್ದನ್ನು ಕೂಡಿಸಲಿಕ್ಕೆ ಬರತದ, ಆದರ ನೀ ಬಾಯಿ ತೆರೀಬೇಕು, ಎದುರಿನಂವ ಕಿವಿ ತೆರೀಬೇಕು. ಆ ವಯಸ್ಸಿಗೆ ಆ ಮಾತು ಬೇಕು.

ಮೂರನೇದು ನಮಗ ದೂರದ್ದು. ಅಮೇರಿಕಾದ ಸಂಗೀತಗಾರ ಜಾನ್ ಆಡಮ್ಸ್ ಇದೇ ಕಥಿಯನ್ನು ಹಾಡಿನ ನಾಟಕ ಮಾಡ್ಯಾರ. 2006ರಾಗ ಯುರೋಪಿನ ವಿಯೆನ್ನಾದಾಗ ಮೊದಲ ಆಟ ಆತು. ಮೋಝಾರ್ಟ್ ಎಂಬ ಹಳೇ ಸಂಗೀತಗಾರ ಹುಟ್ಟಿ 250 ವರ್ಷ ಆದ ನೆನಪಿನ ಉತ್ಸವ ಅದು. ಹಾಡುವ ಮುಖ್ಯ ಪಾತ್ರ ಮೂರೇ: ಹುಡುಗಿ, ರಾಜಕುಮಾರ, ಕಥಿ ಹೇಳುವಾತ. ಹಿಂದ ಹಿಮ್ಮೇಳ, ಅದು ಸ್ಪ್ಯಾನಿಷ್ ಭಾಷೆಯಾಗ. ಮೊಬೈಲಿನಾಗ ಕೇಳಿದೆ. ಮಾತು ತಿಳಿಯಲಿಲ್ಲ, ಅರ್ಥ ಮಾಸ್ತರರು ಹೇಳಿದರು. ಕಥಿ ಹೇಳುವವನನ್ನು ಮುಂದ ತಂದು ನಿಲ್ಲಿಸಿದ್ದು, ಹಿಂದ ಹಿಮ್ಮೇಳ ಇಟ್ಟದ್ದು ನನಗ ಪರಕೀಯ ಅನ್ನಿಸಲಿಲ್ಲ. ನಮ್ಮ ಮೇಳದ ಕಟ್ಟೂ ಹಂಗೇ ಅದ.

ಅಲ್ಲಿ ಹುಡುಗಿಗೆ ಕುಮುದಾ ಅಂತ ಹೆಸರು. ಗಟಾರದಾಗ ಬಿದ್ದಾಕಿಯನ್ನು ಎತ್ತುವವರು ಊರೂರು ತಿರುಗುವ ಹಾಡಿಕಿಯವರು. ಮೈ ಮುರದರೂ ದನಿ ಉಳದದ, ಅವರ ಜೋಡಿ ಆಕಿಯೂ ಹಾಡತಾಳ. ಹಾಡಿಕಿಯವನಾದ ನನಗ ಇದು ಸಂತೋಷ ಆಗಬೇಕಿತ್ತು. ಕೇಳಲಿಕ್ಕೆ ಛಲೋನೂ ಅದ. ಆದರೂ ನನ್ನ ಮನಸ್ಸು ಹತ್ತಿ ಗಾಡಿಯವನ ಕಡೆ ಹೋತು. ಹಾಡಿಕಿಯವರಿಗೆ ಆಕಿಯ ದನಿಯಿಂದ ಏನೋ ಸಿಗತದ. ಗಾಡಿಯವನಿಗೆ ಆಕಿಯಿಂದ ಸಿಗುವುದು ಏನೂ ಇಲ್ಲ. ಹೂ ಇಲ್ಲ, ಹಾಡಿಲ್ಲ. ಗಾಡಿ ನಿಂದರಿಸಿದ, ತಲಿ ಮ್ಯಾಲಿನ ಅರಿವಿ ಬಿಚ್ಚಿ ಮಾನ ಮುಚ್ಚಿದ, ನೆರಳಿಗೆ ಒಯ್ದು ಬಿಟ್ಟ, ತನ್ನ ದಾರಿ ಹಿಡದ. ರುಮಾಲು ಬಿಚ್ಚೂದು ಅಂದರ ನಮ್ಮ ಕಡೆ ಸಣ್ಣ ಮಾತಲ್ಲ. ಹುಡುಗಿಯಿಂದ ಏನೂ ಬಯಸದ ಗಂಡಸು ಇಡೀ ಕಥಿಯಾಗ ಅವನೊಬ್ಬನೇ. ಅವನಿಗೂ ಹೆಸರಿಲ್ಲ. ಅವನನ್ನು ತಗದು ಬಿಟ್ಟದ್ದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ.

ಇನ್ನು ನಾವು ಮಾಡುವ ನಾಲ್ಕನೇ ಹೇಳಿಕಿ. ಮಕ್ಕಳಿಗೆ ಅಂತ ಕಥಿಯನ್ನು ಸಣ್ಣದು ಮಾಡತೀವಿ. ಬಡ ಹುಡುಗಿ ಹೂವಾದಳು, ರಾಜಕುಮಾರ ಮೆಚ್ಚಿದ, ಲಗ್ನ ಆತು, ಸುಖವಾಗಿದ್ದರು, ಅಲ್ಲಿಗೆ ಮುಗೀತು. ನಾನು ಇದನ್ನು ಒಪ್ಪೂದಿಲ್ಲ. ಈ ಕಥಿ ಲಗ್ನದಾಗ ಮುಗಿಯೂದಿಲ್ಲ, ಲಗ್ನದ ಮ್ಯಾಲೇ ಸುರು ಆಗತದ. ಹೆಣ್ಣುಮಕ್ಕಳು ಮೈನೆರೆದ ವಯಸ್ಸಿಗೆ ಅಂತಲೇ ಇದನ್ನು ಕಟ್ಯಾರ. ನಮ್ಮ ಕಡೆ ಹತ್ತನೇ ಮುಗಿಯುವ ಮೊದಲ ಗಂಡು ಹುಡುಕುವ ಮನಿ ಇನ್ನೂ ಅದಾವ. ಕಾಯದೆ ಹದಿನೆಂಟು ಅನ್ನತದ, ಮನಿ ಮಂದಿ ಛಲೋ ಸಂಬಂಧ ಅನ್ನತಾರ. ಆ ಹುಡುಗಿಗೆ ಅರ್ಧ ಕಥಿ ಹೇಳಿ ಕಳಿಸಿದರ ಒಂದೇ ಕೊಡ ನೀರು ಸುರುವಿ ಬಿಟ್ಟಂಗ.

ಹುಡುಗರಿಗೂ ಇದು ಬೇಕು. ಅವರಿಗೆ ನಮ್ಮ ಬಹಳ ಕಥಿಗಳಾಗ ರಾಕ್ಷಸನ್ನ ಕೊಲ್ಲುವ ಕೆಲಸ ಸಿಗತದ. ಇಲ್ಲಿ ಸಿಗುವ ಕೆಲಸ ಬ್ಯಾರೆ. ಎಲಿ ಮುರಿಯದಂಗ ಹೂ ಹರಿಯೂದು, ಮುರದ ಟೊಂಗಿ ಸಮಾಧಾನದಿಂದ ಕಟ್ಟೂದು, ಕೊಡದ ನೀರು ಚೆಲ್ಲದಂಗ ಸುರುವೂದು. ರಾಜಕುಮಾರ ಇದನ್ನು ಕಲೀಲಿಕ್ಕೆ ಭಿಕ್ಷೆ ಬೇಡಿಕೋತ ತಿರುಗಬೇಕಾತು.

ಕಡೀ ಪ್ರಶ್ನೆ ಸುಣ್ಣದ ತೆಗ್ಗಿಂದು. ಇದನ್ನು ಮಕ್ಕಳಿಗೆ ಹೇಳಬೇಕೋ ಬಿಡಬೇಕೋ ಅಂತ ವಾಚನಾಲಯದ ಕಟ್ಟಿ ಮ್ಯಾಲ ಎರಡು ಸಂಜಿ ವಾದ ಆತು. ಬಿಡಬೇಕು ಅನ್ನುವವರ ಮಾತಿನಾಗ ಕರುಣಾ ಅದ, ಅದನ್ನು ಹಗುರ ಮಾಡೂದಿಲ್ಲ. ಆದರೂ ಐದನೇ ಇಯತ್ತೆಯ ಕೂಸಿಗೆ ಬಿಡಿರಿ, ಒಂಬತ್ತನೇದವರಿಗೆ ಹೇಳಿರಿ ಅಂತ ನನ್ನ ಮಾತು. ಹೇಳಿ ಸುಮ್ಮನ ಮುಂದ ಹೋಗಬಾರದು, ನಿಂತು ಕೇಳಬೇಕು. ರಾಜ ಮಗಳಿಗೆ ಶಿಕ್ಷಾ ಕೊಟ್ಟ. ಮರದಾಗ ಅಡಗಿ ನೋಡಿದ ಮಗನಿಗೆ ಏನು ಕೇಳಿದ? ದಿನಾ ರಾತ್ರಿ ಗಿಡ ಆಗು ಅಂದವನಿಗೆ ಏನು ಅಂದ? ಗೆಳತಿಯರಿಗೆ ಏನು ಆತು? ಮನಿಯಾಗಿನ ಒಂದು ಹೆಣ್ಣಿಗೆ ಆದ ಅನ್ಯಾಯವನ್ನು ಇನ್ನೊಂದು ಹೆಣ್ಣನ್ನು ಸುಟ್ಟು ತೊಳದರ ಮನಿ ಚೊಕ್ಕ ಆತೇನು? ಕಥಿಯೊಳಗಿನ ಮಂದಿ ತಪ್ಪಿಗೆ ತಕ್ಕ ಶಿಕ್ಷಾ ಅಂತ ಒಪ್ಪಿಕೊಂಡರು. ನಾವೂ ಒಪ್ಪಬೇಕು ಅಂತ ಕಥಿ ಎಲ್ಲೂ ಹೇಳಿಲ್ಲ. ಮಕ್ಕಳು ಒಪ್ಪದಿದ್ದರ ಅವರನ್ನು ಸುಮ್ಮನ ಕುಂಡ್ರಸಬ್ಯಾಡ್ರಿ.

ಗುರುಗಳಲ್ಲಿ ಒಂದು ವಿನಂತಿ. ಹ್ಯಾರಿ ಪಾಟರನ್ನ ಓದುವ ಮಕ್ಕಳನ್ನು ತಡೀಬ್ಯಾಡ್ರಿ. ಓದುವ ಚಟ ಹತ್ತಿದ್ದೇ ದೊಡ್ಡ ಪುಣ್ಯ, ಅದು ಮರಾಠಿಯೊಳಗ ಹತ್ತಿದರೂ ಕನ್ನಡಕ್ಕ ನಷ್ಟ ಇಲ್ಲ. ಆದರ ತಿಂಗಳಿಗೆ ಒಂದು ಸಂಜಿ ಈ ಕಥಿಯಂಥದನ್ನು ನಮ್ಮ ಮಾತಿನಾಗ ಪೂರ್ತಿ ಹೇಳಸ್ರಿ. ಊರಾಗ ಇಂಥ ಕಥಿ ಬಲ್ಲ ಅವ್ವಗಳು ಇನ್ನೂ ನಾಕು ಮಂದಿ ಅದಾರ. ಅವರನ್ನು ಕರದು ಮುಂದ ಕುಂಡ್ರಸ್ರಿ, ನಾನು ಹಿಮ್ಮೇಳ ಹಿಡಿತೀನಿ. ಕಥಿ ಮುಗಿದ ಮ್ಯಾಲ ಮಕ್ಕಳಿಗೆ ಪರೀಕ್ಷೆಯ ಪ್ರಶ್ನೆ ಬ್ಯಾಡ. ಎರಡನೇ ಕೊಡ ನಿನ್ನ ಕೈಯಾಗ ಇದ್ದರ ಏನು ಮಾಡತಿದ್ದಿ ಅಂತ ಒಂದೇ ಮಾತು ಕೇಳ್ರಿ. ಹುಡುಗಿಯರನ್ನು ಕೇಳ್ರಿ, ಹುಡುಗರನ್ನು ಕೇಳ್ರಿ. ಹಿಂದ ಗ್ವಾಡಿಗೆ ಆತು ನಿಂತ ಅಪ್ಪಂದಿರನ್ನೂ ಬಿಡಬ್ಯಾಡ್ರಿ.